ಉಪ್ಪು ಕಡಿಮೆ ಮಾಡಿದ ಬೇಸಿಗೆ

ಕಳೆದ ವರ್ಷ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ನನ್ನ ತಮ್ಮನ ಅಕ್ಷರ ಕೆಟ್ಟಿತು. ಅವನು ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದಾನೆ. ಚೀಲದ ಎಣಿಕೆ, ತೂಕ, ಹಮಾಲಿ, ದಲ್ಲಾಳಿ ಎಂದು ಸಾಲುಸಾಲಾಗಿ ಅವನು ಬರೆಯುವ ಅಂಕಿಗಳು ಅಚ್ಚೊತ್ತಿದಂತೆ ಇರುತ್ತಿದ್ದವು. ಆ ವಾರ ಅವನು ಮನೆಗೆ ತಂದಿಟ್ಟಿದ್ದ ಕಚ್ಚಾ ಪುಸ್ತಕವನ್ನು ತೆರೆದಾಗ ಸೊನ್ನೆಗಳ ಬಾಯಿ ಮುಚ್ಚಿರಲಿಲ್ಲ, ಎಂಟು ಯಾವುದು ಮೂರು ಯಾವುದು ತಿಳಿಯುತ್ತಿರಲಿಲ್ಲ, ಪ್ರತಿ ಸಾಲೂ ಬಲಕ್ಕೆ ಹೋದಂತೆ ಕೆಳಗೆ ಜಾರಿತ್ತು. ಕಾಫಿಯ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದರೂ ಅಂಗಿಯ ಮೇಲೆ ತುಳುಕುತ್ತಿತ್ತು. ಕೇಳಿದರೆ, "ಏನಿಲ್ಲ ಬಿಡಕ್ಕ, ಬಿಸಿಲಿಗೆ ಗುಳಿಗಿ ಹಿಂಗ ಮಾಡ್ತಾವ" ಎಂದ. ನಾನೂ ಬಿಟ್ಟುಬಿಟ್ಟೆ. ಹಾಗೆ ಬಿಟ್ಟ ಆ ಐದು ದಿನಗಳ ಕಾರಣದಿಂದಲೇ ಇದನ್ನು ಬರೆಯುತ್ತಿದ್ದೇನೆ. ಅವನ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ.

ತಮ್ಮನಿಗೆ ಈಗ 47 ವರ್ಷ. ಮನಸ್ಸು ಉನ್ಮಾದ ಮತ್ತು ಖಿನ್ನತೆಗಳ ನಡುವೆ ಏರಿಳಿಯುವ ಬೈಪೋಲಾರ್ ಕಾಯಿಲೆ ಇದೆಯೆಂದು ತಿಳಿದದ್ದು ಅವನ 24ನೆಯ ವಯಸ್ಸಿನಲ್ಲಿ. ಮೊದಲ ಕೆಲವು ವರ್ಷಗಳ ಏರಿಳಿತದ ನಂತರ ಲಿಥಿಯಂ ಮಾತ್ರೆ ಒಂದರಲ್ಲೇ ಹದಿನಾಲ್ಕು ವರ್ಷ ನೆಮ್ಮದಿಯಿಂದಿದ್ದ. ಆಚೆ ವರ್ಷದ ದೀಪಾವಳಿಯ ಹೊತ್ತಿಗೆ, ಹೊಸ ಮೆಕ್ಕೆಜೋಳ ಲಾರಿಗಟ್ಟಲೆ ಬಂದು ಬೀಳುವ ದಿನಗಳಲ್ಲಿ, ರಾತ್ರಿ ಎರಡು ಗಂಟೆಯವರೆಗೆ ಮಂಡಿಯಲ್ಲಿ ಕುಳಿತು ನಿದ್ದೆಗೆಟ್ಟದ್ದರಿಂದ ಉನ್ಮಾದ ಮರುಕಳಿಸಿತು. ಎಲೆಕ್ಟ್ರಾನಿಕ್ ತಕ್ಕಡಿಯ ಮೂಲಕ ಯಾರೋ ತನ್ನ ಮನಸ್ಸನ್ನು ತೂಗುತ್ತಿದ್ದಾರೆ ಎಂದು ನಂಬಿ ಅವನು ಅದರ ತಂತಿಯನ್ನು ಕಿತ್ತುಹಾಕಿದ. ಆಗ ನಮ್ಮ ಮನೋವೈದ್ಯರು ದಿನಕ್ಕೆ 900 ಮಿಲಿಗ್ರಾಂ ಲಿಥಿಯಂ ಜೊತೆಗೆ ರಾತ್ರಿ 4 ಮಿಲಿಗ್ರಾಂ ರಿಸ್ಪೆರಿಡೋನ್ ಸೇರಿಸಿದರು. ರಿಸ್ಪೆರಿಡೋನ್‌ನಿಂದ ಕೈಕಾಲು ಬಿಗಿಯದಿರಲಿ ಎಂದು 2 ಮಿಲಿಗ್ರಾಂ ಟ್ರೈಹೆಕ್ಸಿಫೆನಿಡಿಲ್ ಬರೆದರು. ಮೂರು ವಾರಕ್ಕೆ ನಿದ್ದೆ ಬಂತು, ಆರು ವಾರಕ್ಕೆ ಅವನು ಮರಳಿ ಮಂಡಿಯ ಗಾದಿಯ ಮೇಲೆ ಕುಳಿತ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಮನಸ್ಸಿನ ಏರಿಳಿತವನ್ನು ಹದಕ್ಕೆ ತರುವ ಲಿಥಿಯಂನಂಥ ಮೂಡ್ ಸ್ಟೆಬಿಲೈಸರ್ ಮತ್ತು ಭ್ರಮೆ, ಅತಿರೇಕದ ಉದ್ವೇಗಗಳನ್ನು ಇಳಿಸುವ ರಿಸ್ಪೆರಿಡೋನ್‌ನಂಥ ಆಂಟಿಸೈಕೋಟಿಕ್, ಈ ಎರಡನ್ನೂ ಜೊತೆಯಾಗಿ ಕೊಡುವುದು ವೈದ್ಯರ ತಪ್ಪೂ ಅಲ್ಲ, ಅತಿಯೂ ಅಲ್ಲ. ತೀವ್ರ ಉನ್ಮಾದದಲ್ಲಿ ಒಂದೇ ಔಷಧಕ್ಕಿಂತ ಎರಡರ ಜೋಡಿ ಹೆಚ್ಚು ಜನರನ್ನು ಹತೋಟಿಗೆ ತರುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಸಾಬೀತಾಗಿದೆ. ನನ್ನ ತಮ್ಮನನ್ನು ಉಳಿಸಿದ್ದೇ ಆ ಜೋಡಿ. ಇದನ್ನು ಓದಿ ಯಾರಾದರೂ ಒಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ನಾನು ಬರೆದದ್ದಕ್ಕೆ ಅರ್ಥವೇ ಇರುವುದಿಲ್ಲ. ಲಿಥಿಯಂ ಅನ್ನು ಒಮ್ಮೆಲೇ ಬಿಟ್ಟವರಲ್ಲಿ ಉನ್ಮಾದ ಬೇಗ ಮರುಕಳಿಸುತ್ತದೆ. ಬೇರೆ ಮೂಡ್ ಸ್ಟೆಬಿಲೈಸರ್‌ಗಳಾದ ವಾಲ್‌ಪ್ರೊಯೇಟ್ ಅಥವಾ ಕಾರ್ಬಮಜೆಪೀನ್ ಅನ್ನು ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಬರುವ ಸಂಭವವೂ ಇದೆ. ನಾನು ಹೇಳಬೇಕೆಂದಿರುವುದು ಬೇರೆ: ಎರಡು ಔಷಧಗಳು ಒಂದೇ ಮೈಯಲ್ಲಿರುವಾಗ ಒಂದರ ತೊಂದರೆಯನ್ನು ಇನ್ನೊಂದು ಮರೆಮಾಡುತ್ತದೆ, ಮತ್ತು ಅವೆರಡರ ನಡುವೆ ಮೂರನೆಯದೊಂದು ಸದ್ದಿಲ್ಲದೆ ಬಂದು ಸೇರಿಕೊಂಡಾಗ ಅದನ್ನು ಗಮನಿಸುವವರು ಯಾರೂ ಇರುವುದಿಲ್ಲ.

ನಮ್ಮ ಮನೆಗೆ ಆ ಮೂರನೆಯದು ಫೆಬ್ರುವರಿಯಲ್ಲಿ ಬಂತು. ತಮ್ಮನಿಗೆ ತಲೆ ಸುತ್ತುತ್ತಿದೆಯೆಂದು ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಬಿಪಿ 150/96 ಇತ್ತು. ಅಲ್ಲಿ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಎರಡೂ ಒಂದರಲ್ಲೇ ಇರುವ, ಹೆಸರಿನ ಕೊನೆಗೆ 'ಎಚ್' ಎಂದಿರುವ ಮಾತ್ರೆಯನ್ನು ಬರೆದುಕೊಟ್ಟರು. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳಿದ್ದರು. ತಮ್ಮ, "ನಿದ್ದೆ ಗುಳಿಗಿ ಒಂದೆರಡು ತಗಂತೀನ್ರಿ" ಎಂದು ಉತ್ತರಿಸಿದ್ದ. ನಮ್ಮ ಕಡೆ ಮನಸ್ಸಿನ ಕಾಯಿಲೆಯ ಎಲ್ಲ ಔಷಧಗಳಿಗೂ ಇರುವ ಹೆಸರು ಇದೊಂದೇ. ಲಿಥಿಯಂ ಎಂದರೆ ಮುಂದಿನ ಪ್ರಶ್ನೆ ಏಳುತ್ತದೆ, ನಿದ್ದೆ ಗುಳಿಗೆ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವನ ಸಂಕೋಚ ನನಗೆ ಅರ್ಥವಾಗುತ್ತದೆ. ಆ ವೈದ್ಯರನ್ನೂ ನಾನು ದೂರುವುದಿಲ್ಲ. ಉಪ್ಪು ಕಡಿಮೆ ಮಾಡಿ ಎಂದು ಅವರು ಹೇಳಿದರು, ನಾನು ಅಕ್ಷರಶಃ ಪಾಲಿಸಿದೆ. ಸಾರಿಗೆ ಅರ್ಧ ಉಪ್ಪು ಹಾಕಿದೆ. ಉಪ್ಪಿನಕಾಯಿಯ ಜಾಡಿಯನ್ನು ಮೇಲಿನ ಅಟ್ಟಕ್ಕೇರಿಸಿದೆ. ಸಂಜೆ ಮಂಡಿಯಿಂದ ಬರುವಾಗ ಅವನು ತಿನ್ನುತ್ತಿದ್ದ ಮಂಡಕ್ಕಿ ಮಿರ್ಚಿಯನ್ನು ಆಣೆ ಹಾಕಿಸಿ ಬಿಡಿಸಿದೆ.

ಮಾರ್ಚ್ ಕೊನೆಗೆ ಸೊಂಟ ನೋವು ಶುರುವಾಯಿತು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಟ್ಟ ಡೈಕ್ಲೋಫೆನಾಕ್ ಮಾತ್ರೆಗಳನ್ನು ದಿನಕ್ಕೆರಡರಂತೆ ನುಂಗತೊಡಗಿದ. ಅಷ್ಟರಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿತ್ತು. ಮಂಡಿಯ ತಗಡಿನ ಮಾಡಿನ ಕೆಳಗೆ ಕುಳಿತವನು ಎಷ್ಟು ಬೆವರಿರಬಹುದು ಎಂದು ಈಗ ಲೆಕ್ಕ ಹಾಕುತ್ತೇನೆ.

ಕೈ ನಡುಗುತ್ತಿದೆಯೆಂದು ಕೊನೆಗೂ ಒಂದು ಕಡೆ ತೋರಿಸಿದಾಗ, ಇದು ರಿಸ್ಪೆರಿಡೋನ್‌ನ ಅಡ್ಡಪರಿಣಾಮ ಎಂದು ಟ್ರೈಹೆಕ್ಸಿಫೆನಿಡಿಲ್ ಅನ್ನು 2ರಿಂದ 4 ಮಿಲಿಗ್ರಾಂಗೆ ಏರಿಸಿದರು. ಅನುಮಾನ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ರಿಸ್ಪೆರಿಡೋನ್ ತೆಗೆದುಕೊಳ್ಳುವವರಲ್ಲಿ ನಡುಕ ಸಾಮಾನ್ಯ, ಆ ಮಾತ್ರೆ ಅದಕ್ಕೇ ಇರುವುದು. ಆದರೆ ಅಲ್ಲಿ ಲಿಥಿಯಂ ಎಷ್ಟಿದೆಯೆಂದು ರಕ್ತಪರೀಕ್ಷೆ ಮಾಡಿಸಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಪರೀಕ್ಷೆಯಾಗಿ ಎಂಟು ತಿಂಗಳು ಕಳೆದಿತ್ತು. ಮಾತ್ರೆ ಏರಿಸಿದ ಮೇಲೆ ಅವನ ಬಾಯಿ ಒಣಗಿತು, ಮಲಬದ್ಧತೆಯಾಯಿತು, ಮಾತು ತೊದಲಿತು. ಎರಡನೆಯ ರಾತ್ರಿ ಎದ್ದು ಕುಳಿತು, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ನಮ್ಮ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ, ನೀರು ಕೊಡು ಎಂದ. ಕಾಯಿಲೆ ಮತ್ತೆ ಬಂತೆಂದು ನನ್ನ ಎದೆ ಕುಸಿಯಿತು. ಬೆಳಗ್ಗೆ ಬಚ್ಚಲುಮನೆಗೆ ಹೋಗುವಾಗ ಕುಡಿದವನಂತೆ ತೂರಾಡಿ ಬಿದ್ದ.

ತುರ್ತು ವಿಭಾಗದಲ್ಲಿದ್ದವರು ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರು ತಮ್ಮನಿಗಿಂತ ಮೊದಲು ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದರು. "ಅಮ್ಮಾ, ಅದರಲ್ಲಿರೋ ಮಾತ್ರೆ ಎಲ್ಲಾ ಟೇಬಲ್ ಮೇಲೆ ಹಾಕಿ, ಒಂದೂ ಬಿಡಬೇಡಿ" ಎಂದರು. ನಾನು ಸುರಿದೆ. ಅವರು ಪಟ್ಟಿಗಳನ್ನು ಇಸ್ಪೀಟಿನ ಎಲೆಗಳಂತೆ ಒಂದರ ಪಕ್ಕ ಒಂದು ಜೋಡಿಸಿ, ಲಿಥಿಯಂ ಪಟ್ಟಿಯನ್ನು ನಡುವಿಗೆಳೆದು, ಎಚ್ ಎಂದಿದ್ದ ಬಿಪಿ ಮಾತ್ರೆಯನ್ನು ಅದರ ಎಡಕ್ಕೆ, ಡೈಕ್ಲೋಫೆನಾಕ್ ಅನ್ನು ಬಲಕ್ಕೆ ಇಟ್ಟು, "ಇವೆರಡು ಯಾವತ್ತಿಂದ?" ಎಂದು ಕೇಳಿದರು. ನಾನು ಹೇಳಿ ಮುಗಿಸುವ ಮೊದಲೇ ರಕ್ತ ತೆಗೆಸಲು ಬರೆದಿದ್ದರು. ಸಂಜೆ ಫಲಿತಾಂಶ ಬಂತು: ಲೀಟರಿಗೆ 1.9 ಮಿಲಿಮೋಲ್. ದೀರ್ಘಕಾಲ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಬೇಕು, 1.5 ದಾಟಿದರೆ ವಿಷ. ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಕೂಡ 1.8ಕ್ಕೆ ಏರಿತ್ತು.

ನಾನು ಪ್ರೌಢಶಾಲೆಯಲ್ಲಿ 29 ವರ್ಷ ವಿಜ್ಞಾನ ಕಲಿಸಿದವಳು. ಆವರ್ತಕ ಕೋಷ್ಟಕದ ಮೊದಲನೆಯ ಗುಂಪಿನಲ್ಲಿ ಲಿಥಿಯಂ, ಅದರ ಕೆಳಗಿನ ಮನೆಯಲ್ಲೇ ಸೋಡಿಯಂ ಎಂದು ಎಷ್ಟು ನೂರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಆ ನೆರೆಹೊರೆಯ ಸಂಬಂಧ ಮೂತ್ರಪಿಂಡದೊಳಗೂ ಇದೆ. ಲಿಥಿಯಂ ಯಕೃತ್ತಿನಲ್ಲಿ ಕರಗುವ ಔಷಧವಲ್ಲ. ಅದು ಬಹುಪಾಲು ಇದ್ದ ಹಾಗೆಯೇ ಮೂತ್ರದಲ್ಲಿ ಹೊರಹೋಗುತ್ತದೆ. ದೇಹದಲ್ಲಿ ಉಪ್ಪು ಮತ್ತು ನೀರು ಕಡಿಮೆಯಾದಾಗ, ಮೂತ್ರಪಿಂಡ ಸೋಡಿಯಂ ಅನ್ನು ಹೊರಗೆ ಬಿಡದೆ ಹಿಂದಕ್ಕೆಳೆದುಕೊಳ್ಳುತ್ತದೆ, ಮತ್ತು ಹಾಗೆ ಎಳೆದುಕೊಳ್ಳುವಾಗ ಪಕ್ಕದಲ್ಲಿರುವ ಲಿಥಿಯಂ ಅನ್ನೂ ಸೋಡಿಯಂ ಎಂದೇ ಬಗೆದು ಉಳಿಸಿಕೊಳ್ಳುತ್ತದೆ. ಥಯಾಜೈಡ್ ಗುಂಪಿನ ಮಾತ್ರೆ ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಸಿ ಈ ಕೊರತೆಯನ್ನು ಉಂಟುಮಾಡುತ್ತದೆ. ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳೂ, ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳೂ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಕುಗ್ಗಿಸಿ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಈ ಮೂರೂ ನನ್ನ ತಮ್ಮನ ಮೈಯಲ್ಲಿದ್ದವು. ಮೇಲೆ ದಾವಣಗೆರೆಯ ಏಪ್ರಿಲ್‌ನ ಬೆವರು. ಅದರ ಮೇಲೆ ನಾನು ಅಕ್ಕರೆಯಿಂದ ಕಡಿಮೆ ಮಾಡಿದ ಉಪ್ಪು. ಪಾಠ ನನಗೆ ಬಾಯಿಗೆ ಬರುತ್ತಿತ್ತು, ಆದರೆ ಅಡುಗೆಮನೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಈ ನೋವು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಉಪ್ಪಿನ ಈ ಕಥೆ ಲಿಥಿಯಂನಷ್ಟೇ ಹಳೆಯದು. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಹತ್ತು ಜನ ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟು ಫಲ ಕಂಡದ್ದನ್ನು ಪ್ರಕಟಿಸಿದ್ದು 1949ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ, ಹೃದಯದ ಕಾಯಿಲೆಯಿಂದಾಗಿ ಅಡುಗೆ ಉಪ್ಪನ್ನು ಬಿಡಬೇಕಾಗಿದ್ದವರಿಗೆ ಬದಲಿ ಉಪ್ಪೆಂದು ಮಾರುತ್ತಿದ್ದ ಲಿಥಿಯಂ ಕ್ಲೋರೈಡ್‌ನಿಂದ ಹಲವರಿಗೆ ವಿಷವೇರಿ, ಕೆಲವರು ಸತ್ತು, ಅದರ ಮಾರಾಟ ನಿಂತಿತು. ಉಪ್ಪು ಬಿಟ್ಟವರಲ್ಲಿಯೇ ಲಿಥಿಯಂ ಹೆಚ್ಚು ನಿಲ್ಲುತ್ತದೆ ಎಂಬುದನ್ನು ಜಗತ್ತು ಅಷ್ಟು ಹಿಂದೆಯೇ ಬೆಲೆ ತೆತ್ತು ಕಲಿತಿತ್ತು.

ಲಿಥಿಯಂ ಮತ್ತು ಆಂಟಿಸೈಕೋಟಿಕ್ ಜೋಡಿಯ ಬಗ್ಗೆ ಮೊದಲ ದೊಡ್ಡ ಗಾಬರಿ ಎದ್ದದ್ದು 1974ರಲ್ಲಿ. ಲಿಥಿಯಂ ಜೊತೆ ಹ್ಯಾಲೊಪೆರಿಡಾಲ್ ತೆಗೆದುಕೊಳ್ಳುತ್ತಿದ್ದ ನಾಲ್ವರಿಗೆ ಜ್ವರ, ಮಂಕು, ಬಿಗಿತ ಬಂದು ಮಿದುಳಿಗೆ ಹಾನಿಯಾಯಿತೆಂಬ ವರದಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಎರಡು ವರ್ಷದ ನಂತರ ಡೆನ್ಮಾರ್ಕಿನವರು ಇದೇ ಜೋಡಿಯನ್ನು ತೆಗೆದುಕೊಂಡ 425 ಜನರ ದಾಖಲೆಗಳನ್ನು ಪರಿಶೀಲಿಸಿದಾಗ ಅಂಥ ಒಂದು ಪ್ರಕರಣವೂ ಸಿಗಲಿಲ್ಲ. ಇಂದಿಗೂ ಈ ಜೋಡಿಯನ್ನು ವೈದ್ಯರು ಬಳಸುತ್ತಾರೆ, ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಎಚ್ಚರಿಕೆಯೂ ಉಳಿದುಕೊಂಡಿದೆ. ನನಗೆ ಎರಡೂ ಸರಿ ಎನಿಸುತ್ತದೆ. ಅಪಾಯ ಅಪರೂಪದ್ದಾದರೂ ಅದು ಯಾವ ರೋಗಿಗೆ ಕಾದಿದೆಯೆಂದು ಮೊದಲೇ ಹೇಳಲಾಗದಿದ್ದಾಗ, ಬಳಸುವುದೂ ಗಮನಿಸುವುದೂ ಜೊತೆಜೊತೆಗೇ ನಡೆಯಬೇಕು.

ಗಮನಿಸುವುದೆಂದರೆ ಏನನ್ನು? ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನಗಳಲ್ಲಿ ಆ ಡಾಕ್ಟರಮ್ಮ ನನಗೆ ನಡುಕವನ್ನು ಓದುವುದನ್ನು ಕಲಿಸಿದರು. ಲಿಥಿಯಂ ಸರಿಯಾದ ಮಟ್ಟದಲ್ಲಿದ್ದಾಗಲೂ ಬರುವ ನಡುಕ ಬಹಳ ಸಣ್ಣದು. ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರೆ ಅದರ ಅಂಚು ಮಾತ್ರ ಅಲುಗುತ್ತದೆ. ಆಂಟಿಸೈಕೋಟಿಕ್‌ನಿಂದ ಬರುವ ನಡುಕ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಕಾಣುತ್ತದೆ. ಹೆಬ್ಬೆರಳು ಮತ್ತು ತೋರುಬೆರಳು ಹತ್ತಿಯ ಬತ್ತಿ ಹೊಸೆಯುತ್ತಿರುವಂತೆ ಆಡುತ್ತವೆ, ಮುಖದಲ್ಲಿ ಭಾವ ಕುಗ್ಗುತ್ತದೆ, ನಡೆಯುವಾಗ ತೋಳು ಬೀಸುವುದಿಲ್ಲ, ಮೊಣಕೈಯನ್ನು ಮಡಿಸಿದರೆ ತಡೆತಡೆದು ಬಾಗುತ್ತದೆ. ಲಿಥಿಯಂ ವಿಷವೇರಿದ ನಡುಕ ಒರಟು. ಲೋಟ ಬಾಯಿಗೆ ತಲುಪುವುದಿಲ್ಲ, ಮಾಂಸಖಂಡಗಳು ಅಲ್ಲಲ್ಲಿ ಹಾರುತ್ತವೆ, ಮಾತು ತೊದಲುತ್ತದೆ, ಹೆಜ್ಜೆ ಅಗಲವಾಗಿ ತೂರಾಡುತ್ತದೆ, ವಾಂತಿ ಭೇದಿ ಬರಬಹುದು. ಕ್ಲೋರ್‌ಪ್ರೊಮಜೀನ್‌ನಂಥ ಹಳೆಯ ಆಂಟಿಸೈಕೋಟಿಕ್‌ಗಳಿಗೆ ವಾಂತಿ ತಡೆಯುವ ಗುಣವೂ ಇರುವುದರಿಂದ, ಲಿಥಿಯಂ ಹೆಚ್ಚಾಗಿದೆಯೆಂದು ಹೊಟ್ಟೆ ಕೊಡುವ ಮೊದಲ ಸೂಚನೆಯೇ ಅಡಗಿಹೋಗಬಹುದಂತೆ. ಒಂದು ಇನ್ನೊಂದನ್ನು ಮರೆಮಾಡುತ್ತದೆ ಎಂದು ನಾನು ಮೇಲೆ ಹೇಳಿದ್ದು ಇದನ್ನೇ.

ಅದೇ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಚಳ್ಳಕೆರೆ ಕಡೆಯ ಒಬ್ಬ ತಾಯಿಯ ಪರಿಚಯವಾಯಿತು. ಅವರ ಮಗಳಿಗೆ 23 ವರ್ಷ, ವಾಲ್‌ಪ್ರೊಯೇಟ್ ಮತ್ತು ಒಲಾಂಜಪಿನ್ ಎಂಬ ಆಂಟಿಸೈಕೋಟಿಕ್ ಎರಡೂ ನಡೆಯುತ್ತಿದ್ದವು. ಹುಡುಗಿಯ ಮನಸ್ಸು ತಿಳಿಯಾಗಿತ್ತು, ಆದರೆ ಹತ್ತು ತಿಂಗಳಲ್ಲಿ 14 ಕಿಲೋ ತೂಕ ಏರಿತ್ತು, ಮುಟ್ಟು ತಪ್ಪಿತಪ್ಪಿ ಬರುತ್ತಿತ್ತು, ಉಂಡ ಒಂದು ಗಂಟೆಗೇ ಮತ್ತೆ ಹಸಿವೆಂದು ಅಳುತ್ತಿದ್ದಳಂತೆ. "ಹೊಟ್ಟಿಬಾಕಿ ಅಂತ ಮನ್ಯಾಗ ಎಲ್ಲಾರೂ ಬೈತಾರ್ರೀ, ಅಕಿ ಏನ್ ಮಾಡ್ಯಾಳ್ರಿ" ಎಂದು ಆ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಹಸಿವು ಅವಳ ದೋಷವಲ್ಲ. ಎರಡೂ ಔಷಧಗಳು ತೂಕ ಹೆಚ್ಚಿಸುವಂಥವೇ. ಒಲಾಂಜಪಿನ್ ಸಕ್ಕರೆ ಮತ್ತು ಕೊಬ್ಬಿನ ಮಟ್ಟವನ್ನೂ ಏರಿಸಬಲ್ಲದು, ವಾಲ್‌ಪ್ರೊಯೇಟ್ ಅಂಡಾಶಯದ ತೊಂದರೆಯನ್ನು ತರಬಲ್ಲದು. ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬು, ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಇವನ್ನು ಮಾತ್ರೆ ಶುರುವಾಗುವಾಗಲೇ ಬರೆದಿಟ್ಟುಕೊಂಡರೆ ಮಾತ್ರ ಮುಂದೆ ಹೋಲಿಸಿ ನೋಡಬಹುದು. ವಾಲ್‌ಪ್ರೊಯೇಟ್ ತೆಗೆದುಕೊಳ್ಳುವವರು ಒಮ್ಮೆಲೇ ಮಂಪರಾಗಿ ಗೊಂದಲದ ಮಾತಾಡತೊಡಗಿದರೆ, ಅದು ಆಂಟಿಸೈಕೋಟಿಕ್‌ನ ನಿದ್ದೆಯೆಂದು ಸುಮ್ಮನಿರಬಾರದು. ರಕ್ತದಲ್ಲಿ ಅಮೋನಿಯಾ ಏರಿರಬಹುದು, ಅದಕ್ಕೂ ಪರೀಕ್ಷೆ ಇದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಆ ಹುಡುಗಿಗೆ ಗಂಡು ನೋಡುತ್ತಿದ್ದರು. ಗರ್ಭದಲ್ಲಿ ವಾಲ್‌ಪ್ರೊಯೇಟ್‌ಗೆ ಒಡ್ಡಿಕೊಂಡ ಶಿಶುಗಳಲ್ಲಿ 100ಕ್ಕೆ ಸುಮಾರು 10ಕ್ಕೆ ಹುಟ್ಟಿನಿಂದಲೇ ಬೆನ್ನುಹುರಿ ಮೊದಲಾದ ಅಂಗದೋಷಗಳಿರುತ್ತವೆ, 30ರಿಂದ 40 ಮಕ್ಕಳಲ್ಲಿ ಬೆಳವಣಿಗೆಯ, ಕಲಿಕೆಯ ತೊಂದರೆ ಕಾಣುತ್ತದೆ. ಬೆನ್ನುಹುರಿ ರೂಪುಗೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ಬಸಿರಿನ ಸುಳಿವೇ ಇರದ ಹೊತ್ತಿನಲ್ಲಿ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ, ಹುಡುಗಿ ಗಂಡನ ಮನೆಯಲ್ಲಿ ಹೆದರಿ ಎಲ್ಲ ಮಾತ್ರೆಗಳನ್ನೂ ಒಟ್ಟಿಗೇ ಬಿಡುತ್ತಾಳೆ, ಇಲ್ಲವೇ ಕದ್ದು ನುಂಗಿ ಬಸಿರಾಗುತ್ತಾಳೆ. ಎರಡೂ ಭಯಂಕರ. ಮದುವೆಯ ಮಾತು ಶುರುವಾಗುವ ಮೊದಲೇ ಮನೋವೈದ್ಯರ ಬಳಿ ಹೋಗಿ ಔಷಧ ಬದಲಿಸುವ ಮಾತಾಡಿ ಎಂದು ನಾನು ಆ ತಾಯಿಯ ಕೈಹಿಡಿದು ಕೇಳಿಕೊಂಡೆ. ಅವರು ಹೂಂ ಎಂದರು.

ಕಾರ್ಬಮಜೆಪೀನ್‌ನ ರೀತಿ ಇವೆಲ್ಲಕ್ಕಿಂತ ಬೇರೆ. ಅದು ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ಜೊತೆಯಲ್ಲಿ ಕೊಟ್ಟ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್‌ನಂಥ ಆಂಟಿಸೈಕೋಟಿಕ್‌ಗಳೆಲ್ಲವೂ ರಕ್ತದಲ್ಲಿ ಇಳಿಯುತ್ತವೆ. ಅರಿಪಿಪ್ರಜೋಲ್ ಸುಮಾರು 70 ಶೇಕಡಾ ಕಡಿಮೆಯಾಗುತ್ತದೆ. ಕ್ವೆಟಿಯಾಪಿನ್ ಅಂತೂ ನುಂಗಿಯೂ ನುಂಗದಂತೆ. ಇದು ಒಂದೇ ದಿನಕ್ಕೆ ಆಗುವುದಲ್ಲ, ಎರಡು ಮೂರು ವಾರಗಳಲ್ಲಿ ಮೆಲ್ಲನೆ ಆಗುತ್ತದೆ. ಆಗ ಭ್ರಮೆ ಮರಳಿದರೆ ಮನೆಯವರು, ಮಾತ್ರೆ ನುಂಗುತ್ತಿಲ್ಲ, ಉಗುಳುತ್ತಿದ್ದಾನೆ ಎಂದು ರೋಗಿಯ ಮೇಲೆಯೇ ಸಿಡುಕುತ್ತಾರೆ. ಮುಂದೆ ಕಾರ್ಬಮಜೆಪೀನ್ ನಿಲ್ಲಿಸಿದಾಗ ಇದೇ ಆಟ ತಿರುಗುಮುರುಗಾಗಿ, ಏರಿಸಿದ್ದ ಆಂಟಿಸೈಕೋಟಿಕ್ ಒಮ್ಮೆಲೇ ಅತಿಯಾಗಿ ಮೈ ಬಿಗಿಯುತ್ತದೆ. ಕ್ಲೋಜಪಿನ್ ಎಂಬ ಆಂಟಿಸೈಕೋಟಿಕ್ ಜೊತೆ ಕಾರ್ಬಮಜೆಪೀನ್ ಕೊಡುವುದನ್ನು ವೈದ್ಯರು ತಪ್ಪಿಸುತ್ತಾರೆ, ಏಕೆಂದರೆ ಎರಡೂ ಬಿಳಿ ರಕ್ತಕಣಗಳನ್ನು ಕುಗ್ಗಿಸಬಲ್ಲವು. ಬೀಡಿಯ ಹೊಗೆಯೂ ಇಂಥದ್ದೇ ಒಂದು ಕೆಲಸ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ: ಅದು ಒಲಾಂಜಪಿನ್ ಮತ್ತು ಕ್ಲೋಜಪಿನ್‌ಗಳನ್ನು ಬೇಗ ಕರಗಿಸುತ್ತದೆ. ಆಸ್ಪತ್ರೆ ಸೇರಿ ಬೀಡಿ ನಿಂತ ವಾರದಲ್ಲೇ ಅವುಗಳ ಮಟ್ಟ ಏರುವುದು ಅದರಿಂದ.

ಬೇಸಿಗೆಯ ಬಗ್ಗೆ ಇನ್ನೂ ಒಂದು ಮಾತಿದೆ. ಆಂಟಿಸೈಕೋಟಿಕ್‌ಗಳು ಮೈಯ ಕಾವನ್ನು ಹದದಲ್ಲಿಡುವ ಮಿದುಳಿನ ವ್ಯವಸ್ಥೆಯನ್ನು ಸಡಿಲಗೊಳಿಸುತ್ತವೆ, ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಡಿಮೆ ಮಾಡುತ್ತದೆ. ಇವನ್ನು ತೆಗೆದುಕೊಳ್ಳುವವರಿಗೆ ನಮ್ಮ ಸೀಮೆಯ ಬಿಸಿಲು ಬೇರೆಯವರಿಗಿಂತ ಹೆಚ್ಚು ಅಪಾಯಕಾರಿ. ಅಪರೂಪಕ್ಕೆ, ಜೋರು ಜ್ವರ, ಕಬ್ಬಿಣದ ಸಲಾಕೆಯಂತೆ ಬಿಗಿದ ಮೈ, ಗೊಂದಲ, ಏರಿಳಿಯುವ ಬಿಪಿ ಒಟ್ಟಿಗೆ ಬರುತ್ತವೆ. ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಎಂಬ ಈ ಸ್ಥಿತಿಗೆ ನೀರಿನ ಕೊರತೆಯೂ ಜೊತೆಯಲ್ಲಿ ಲಿಥಿಯಂ ಇರುವುದೂ ದಾರಿಮಾಡಿಕೊಡಬಹುದೆನ್ನುತ್ತಾರೆ. ಆಂಟಿಸೈಕೋಟಿಕ್ ತೆಗೆದುಕೊಳ್ಳುವವರಿಗೆ ಜ್ವರದ ಜೊತೆ ಮೈ ಬಿಗಿದರೆ ಅದನ್ನು ವೈರಲ್ ಜ್ವರವೆಂದು ಮನೆಯಲ್ಲಿ ಒಂದು ರಾತ್ರಿಯೂ ಕಾಯಬಾರದು.

ತಮ್ಮನಿಗೆ ಲಿಥಿಯಂ ನಿಲ್ಲಿಸಿ ಸಲೈನ್ ಹಾಕಿದರು. ಎರಡನೆಯ ದಿನಕ್ಕೆ ಮಟ್ಟ 1.1ಕ್ಕೆ, ನಾಲ್ಕನೆಯ ದಿನಕ್ಕೆ 0.5ಕ್ಕೆ ಇಳಿದರೂ ತೊದಲು ಮತ್ತು ತೂರಾಟ ಹೋಗಲು ಮತ್ತೂ ಒಂದು ವಾರ ಬೇಕಾಯಿತು. ರಕ್ತದಿಂದ ಇಳಿದಷ್ಟು ಬೇಗ ಅದು ಮಿದುಳಿನಿಂದ ಇಳಿಯುವುದಿಲ್ಲ. ಬಿಪಿಗೆ ಅಮ್ಲೋಡಿಪಿನ್ ಕೊಟ್ಟರು, ಸೊಂಟದ ನೋವಿಗೆ ಪ್ಯಾರಾಸಿಟಮಾಲ್ ಸಾಕೆಂದರು. ಲಿಥಿಯಂ ಅನ್ನು ಮತ್ತೆ 300ರಿಂದ ಆರಂಭಿಸಿ 600ಕ್ಕೆ ತಂದು ನಿಲ್ಲಿಸಿದರು. ಅಲ್ಲಿಯವರೆಗೆ ಆಸರೆಯಾಗಿ ರಿಸ್ಪೆರಿಡೋನ್ ಉಳಿಯಿತು. ನನ್ನ ಅಡುಗೆಗೆ ಉಪ್ಪು ಮರಳಿತು. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ, ದಿನವೂ ಒಂದೇ ಅಳತೆಯ ಉಪ್ಪು ಎಂದು ವೈದ್ಯರು ಹೇಳಿದ್ದರಿಂದ ಈಗ ಚಮಚದಲ್ಲಿ ಅಳೆದೇ ಹಾಕುತ್ತೇನೆ.

ಮನೆಗೆ ಬಂದ ಮೇಲೆ ಒಂದು ರಟ್ಟಿನ ಹಾಳೆಯ ಮೇಲೆ ಅವನ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಶುರುವಾದ ತಾರೀಖು ಬರೆದು, ಹಿಂದುಗಡೆ ಲಿಥಿಯಂ ಮಟ್ಟ, ಕ್ರಿಯಾಟಿನಿನ್, ಥೈರಾಯ್ಡ್, ಸಕ್ಕರೆ, ತೂಕಗಳ ಸಾಲು ಹಾಕಿ, ಪ್ಲಾಸ್ಟಿಕ್ ಹೊದಿಸಿ ಅವನ ಜೇಬಿಗೆ ಕೊಟ್ಟೆ. ಹಲ್ಲಿನ ಡಾಕ್ಟರಿರಲಿ, ಮೆಡಿಕಲ್ ಶಾಪಿನವರಿರಲಿ, ಮೊದಲು ಅದನ್ನು ತೋರಿಸಬೇಕು. ಲಿಥಿಯಂ ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆಯನ್ನು ತೆಗೆದುಕೊಳ್ಳುವ ಮೊದಲು. ಈ ಪರೀಕ್ಷೆ ಎಲ್ಲ ಲ್ಯಾಬುಗಳಲ್ಲೂ ಆಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದ್ದೊಂದು ಒಳ್ಳೆಯ ಕೆಲಸ. ಮಾತ್ರೆ ಸಿಗುವ ಊರಿನಲ್ಲಿಯೇ ಅದರ ಮಟ್ಟವನ್ನು ಅಳೆಯುವ ವ್ಯವಸ್ಥೆಯೂ ಸಿಗಬೇಕೆಂದು ನಾನು ಮನಸಾರೆ ಬಯಸುತ್ತೇನೆ. ರಾತ್ರಿ ಹೊತ್ತು ಏನೂ ತೋಚದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಾನು ಒಮ್ಮೆ ಮಾತಾಡಿದ್ದೇನೆ.

ಎರಡೂ ಔಷಧಗಳು ಎಷ್ಟು ದಿನ ಬೇಕು ಎಂಬ ಪ್ರಶ್ನೆಯನ್ನು ಮೊದಲೆಲ್ಲ ಕೇಳುವ ಧೈರ್ಯವೇ ನನಗಿರಲಿಲ್ಲ. ಕೆನಡಾದ ತಜ್ಞರ ಮುಂದಾಳತ್ವದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದೆ. ಲಿಥಿಯಂ ಅಥವಾ ವಾಲ್‌ಪ್ರೊಯೇಟ್ ಜೊತೆ ರಿಸ್ಪೆರಿಡೋನ್ ಅಥವಾ ಒಲಾಂಜಪಿನ್ ತೆಗೆದುಕೊಂಡು ಉನ್ಮಾದದಿಂದ ಹೊರಬಂದ 159 ಜನರಲ್ಲಿ, ಕೆಲವರಿಗೆ ಆಂಟಿಸೈಕೋಟಿಕ್ ಅನ್ನು ಕೂಡಲೇ, ಕೆಲವರಿಗೆ 24 ವಾರಕ್ಕೆ ನಿಲ್ಲಿಸಿ, ಉಳಿದವರಿಗೆ 52 ವಾರ ಮುಂದುವರಿಸಿ ನೋಡಿದರು. 24 ವಾರ ಮುಂದುವರಿಸಿದ್ದರಿಂದ ಮರುಕಳಿಕೆ ತಡವಾಯಿತು, ಅದರಾಚೆಗೆ ರಿಸ್ಪೆರಿಡೋನ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ, 52 ವಾರ ತೆಗೆದುಕೊಂಡವರ ತೂಕ ಹೆಚ್ಚಿತು. ಎಲ್ಲರಿಗೂ ಇದೇ ಲೆಕ್ಕವೆಂದಲ್ಲ. ಕೆಲವರಿಗೆ ಎರಡೂ ವರ್ಷಗಟ್ಟಲೆ ಬೇಕಾಗುತ್ತವೆ. ಆದರೆ ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ ಎಂದು ಇದನ್ನು ಓದಿದ ಮೇಲೆ ನನಗೆ ಅನಿಸಿತು. ನವೆಂಬರ್‌ನಲ್ಲಿ ನಮ್ಮ ಮನೋವೈದ್ಯರನ್ನು ಕೇಳಿದೆ. ಅವರು ಸ್ವಲ್ಪವೂ ಬೇಸರಿಸದೆ, "ಮೆಕ್ಕೆಜೋಳದ ಸೀಜನ್ ಮುಗೀಲಿ, ಈಗ ನಿದ್ದೆ ಕೆಡೋ ಟೈಮು. ಆಮೇಲೆ ಇಳಿಸೋಣ" ಎಂದರು. ಉನ್ಮಾದ ಬಂದ ಕಾಲವನ್ನು ಅವರು ಮರೆತಿರಲಿಲ್ಲ.

ಸೀಜನ್ ಮುಗಿಯಿತು. ಫೆಬ್ರುವರಿ ಮೊದಲ ವಾರದ ಪರೀಕ್ಷೆಯಲ್ಲಿ ಲಿಥಿಯಂ 0.7, ಕ್ರಿಯಾಟಿನಿನ್ 1.0 ಇತ್ತು. ಹೋದ ಸೋಮವಾರದಿಂದ ರಿಸ್ಪೆರಿಡೋನ್ 4ರಿಂದ 3 ಮಿಲಿಗ್ರಾಂಗೆ ಇಳಿದಿದೆ, ಆರು ವಾರ ನೋಡಿ ಮುಂದಿನ ಹೆಜ್ಜೆ. ಪ್ರತಿ ಭಾನುವಾರ ಬೆಳಗ್ಗೆ ತಮ್ಮ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಒಂದರಿಂದ ನೂರರವರೆಗೆ ಅಂಕಿಗಳನ್ನು ಬರೆದು, ಕೆಳಗೆ ಆ ವಾರ ಎಷ್ಟು ಗಂಟೆ ನಿದ್ದೆ ಮಾಡಿದೆನೆಂದು ನಮೂದಿಸುತ್ತಾನೆ. ಇದು ಅವನೇ ಕಂಡುಕೊಂಡ ಪದ್ಧತಿ. ನಿನ್ನೆಯ ಪುಟವನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸೊನ್ನೆಗಳೆಲ್ಲ ಮುಚ್ಚಿದ್ದವು. ಎಂಬತ್ತೆಂಟರ ಬಳಿ ಒಂದು ಎಂಟು ಸ್ವಲ್ಪ ವಾಲಿತ್ತು. ಕೇಳಿದೆ. "ಪೆನ್ನು ಬರೀಲಿಲ್ಲಕ್ಕ, ಅದಕ್ಕ ಒತ್ತಿದೆ" ಎಂದ. ಪೆನ್ನು ಈಸಿಕೊಂಡು ನಾನೂ ಬರೆದು ನೋಡಿದೆ. ಇಂಕು ನಿಜವಾಗಿಯೂ ಮುಗಿದಿತ್ತು.